ನರಗುಂದದ ಗೋಸುಂಬೆಗೆ ಬುತ್ತಿ

ನಾನು ಸಾಲಿ ಬಿಟ್ಟದ್ದು ಸಾವಿರದ ಒಂಬೈನೂರಾ ತೊಂಬತ್ತೊಂದರಲ್ಲಿ, ಏಳನೇ ಇಯತ್ತೆಯಲ್ಲಿ. ಬಿಟ್ಟೆ ಅನ್ನುವುದು ನನ್ನ ಮಾತು. ಮಾಸ್ತರರನ್ನು ಕೇಳಿದ್ದರೆ ಬೇರೆ ಹೇಳುತ್ತಿದ್ದರು. “ಈರಪ್ಪಾ, ನೀ ಎಲ್ಲಾರಕಿಂತ ಹಿಂದ ಉಳದೀಪಾ” ಎಂದು ಅವರು ಅಂದ ದಿನವೇ ಪಾಟಿಚೀಲ ಗೂಟಕ್ಕೆ ಹಾಕಿದೆ. ಆಮೇಲೆ ಕಲಿತದ್ದೆಲ್ಲ ರೇಷ್ಮೆ ಹುಳಗಳ ಕೈಯಲ್ಲಿ. ಗಜೇಂದ್ರಗಡದ ಗುಡ್ಡದ ಕೆಳಗೆ ಹಿಪ್ಪುನೇರಳೆ ಹಚ್ಚಿ, ಹುಳ ಸಾಕಿ, ನಮ್ಮ ಸುತ್ತಿನಲ್ಲೇ ಇಂಥ ಗೂಡು ಯಾರೂ ಬೆಳೆಯಲಿಲ್ಲ ಅನ್ನಿಸಿಕೊಂಡವ ನಾನು. ಇದನ್ನು ನಾನೇ ಹೇಳಿಕೊಳ್ಳಬಾರದು, ಖರೇ. ಆದರೆ ಬೇರೆ ಯಾರೂ ಹೇಳುವ ಲಕ್ಷಣ ಕಾಣುತ್ತಿಲ್ಲ.

ಹುಳ ಅಂದರೆ ಸಣ್ಣ ಪ್ರಾಣಿ ಅಂದುಕೊಳ್ಳಬೇಡಿ. ಬೀಗರು ಬಂದರೆ ಚಪ್ಪಲಿ ಹಾಕಿಕೊಂಡೇ ಪಡಸಾಲೆಗೆ ಬಂದಾರು, ಹುಳದ ಮನೆಗೆ ಮಾತ್ರ ಕೈಕಾಲು ತೊಳೆಯದೆ ಯಾರೂ ಕಾಲಿಡುವಂತಿಲ್ಲ. ಬೀಡಿ ಸೇದಿದವ, ಅತ್ತರು ಹಚ್ಚಿಕೊಂಡವ ಬಾಗಿಲ ಹೊರಗೇ ನಿಲ್ಲಬೇಕು. ಈ ಕಾಯಿದೆಗೆ ಬಿದ್ದು ನಾನು ತಂಬಾಕು ಬಿಟ್ಟೆ. ನನ್ನ ಹೆಂಡತಿ ಶಾಂತವ್ವ ವರ್ಷಗಟ್ಟಲೆ ಬೈದು ಬಿಡಿಸಲಾಗದ್ದನ್ನು ಮಾತು ಬಾರದ ಹುಳ ಒಂದೇ ತಿಂಗಳಲ್ಲಿ ಬಿಡಿಸಿತು. ಅದಕ್ಕೆ ಅವಳಿಗೆ ಹುಳದ ಮೇಲೆ ಸ್ವಲ್ಪ ಸಿಟ್ಟೂ ಇದೆ.

ಹೀಗಿರುವಾಗ ಒಂದು ದಿನ ನರಗುಂದದಿಂದ ಖಾಜಾಸಾಬರ ಫೋನು ಬಂತು. ಅವರದು ಬಳೆ ಅಂಗಡಿ. ಮದುವೆಯಾದಾಗಿನಿಂದ ಶಾಂತವ್ವನ ಕೈಗೆ ಬಳೆ ಇಡುವ ಹಿರಿಯರು. ಅವರ ಅಳಿಯ ಪರದೇಶದ ತಳಿಯ ಗೋಸುಂಬೆಯೊಂದನ್ನು ಕಾಗದಪತ್ರ ಸಮೇತ ತಂದು ಕೊಟ್ಟಿದ್ದ. ನಮ್ಮ ಹೊಲದ ಗೋಸುಂಬೆಯನ್ನು ಸಾಕುವಂತಿಲ್ಲ ನೋಡಿ. ಸಾಕಿದರೆ ಅರಣ್ಯ ಇಲಾಖೆಯವರು ನಮ್ಮನ್ನು ಸಾಕಲು ಒಯ್ಯುತ್ತಾರೆ. ಈ ಪರದೇಶಿಯ ಹೆಸರು ನವಾಬ. ನವಾಬ ಎಂಟು ದಿನದಿಂದ ಮಿಡತೆ ಮುಟ್ಟಿಲ್ಲ, ಮೈ ಕಪ್ಪಿಟ್ಟಿದೆ, ಕಣ್ಣು ಒಳಗೆ ಹೋಗಿವೆ.

“ರೇಷ್ಮಿ ಹುಳ ತಿನ್ನಸ್ರಿ, ಮೆತ್ತಗ ಇರ್ತಾವ, ಸತ್ವಾ ಭಾಳ ಅಂತ ದನದ ದವಾಖಾನಿ ಡಾಕ್ಟರು ಅಂದಾರೋ ಈರಪ್ಪಾ. ಲಗೂ ತಾ. ಇದು ಉಳಿಯೂದು ನಿನ್ನ ಕೈಯಾಗೈತಿ.” ಮುದುಕರು ಇದನ್ನೇ ಎರಡೆರಡು ಸಲ ಹೇಳಿದರು.

ಶಾಂತವ್ವ ಕೇಳಿಸಿಕೊಂಡಳು. “ಲಕ್ಷ್ಮೀ ಅಂತ ಸಾಕಿದ್ದನ್ನ ಓತಿಕ್ಯಾತಕ್ಕ ಹಾಕ್ತೀರೇನ್ರಿ?”

“ಗೂಡನ್ನ ಕುದಿಯೋ ನೀರಿಗೆ ಹಾಕ್ತಾರಲ್ಲ, ಅದೇನು ಲಕ್ಷ್ಮೀ ಪೂಜಿನಾ?” ಎಂದೆ. ಅಂದು ರೊಟ್ಟಿ ತಣ್ಣಗಿದ್ದವು.

ಇನ್ನು ನನ್ನ ಮರ್ಯಾದೆಯ ಪ್ರಶ್ನೆ. ಈರಪ್ಪನ ಹುಳ ತಿಂದರೂ ನವಾಬ ಉಳಿಯಲಿಲ್ಲ ಅನ್ನಿಸಿಕೊಳ್ಳುವುದೆ? ಇದ್ದುದರಲ್ಲೇ ಚಲೋ ಹುಳ ಇಪ್ಪತ್ತು ಆರಿಸಿದೆ: ಬೆರಳುದ್ದ, ಬೆರಳುದಪ್ಪ, ಮೈಯೆಲ್ಲ ಬಂಗಾರದ ಬಣ್ಣ. ಹುಳ ಹಣ್ಣಾಯಿತು ಅನ್ನುತ್ತೇವೆ ನಾವು ಅದಕ್ಕೆ. ಹಣ್ಣಾದ ಹುಳ ಮುಂದೆ ಏನು ಮಾಡುತ್ತದೆ ಎಂಬುದು ನಮ್ಮ ಮನೆಯ ಬೆಕ್ಕಿಗೂ ಗೊತ್ತು. ಆ ಮುಂಜಾನೆ ನನಗೊಬ್ಬನಿಗೆ ಗೊತ್ತಿರಲಿಲ್ಲ.

ತೂತು ಹಾಕಿದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ. “ಡಬ್ಬ್ಯಾಗ ಏನ್ರಿ?” ಎಂದ ಕಂಡಕ್ಟರ.

“ಬುತ್ತಿ.”

“ಯಾರಿಗ್ರಿ?”

“ಗೋಸುಂಬಿಗೆ.”

ರೋಣ ಬರುವವರೆಗೂ ಅವನು ನನ್ನ ಕಡೆ ತಿರುಗಲಿಲ್ಲ. ಪಕ್ಕದವರು ಎದ್ದು ಹಿಂದಿನ ಸೀಟಿಗೆ ಹೋದರು. ಹೀಗಾಗಿ ನರಗುಂದದವರೆಗೆ ಆರಾಮಾಗಿ, ಕಾಲು ಚಾಚಿ ಹೋದೆ.

ನವಾಬನ ಪಂಜರ ಬಳೆಗಳ ನಡುವೆಯೇ ಇತ್ತು. ಅವನ ಮುಂದೆ ಹಸಿರು ಬಳೆ ಹಿಡಿದು, ಹಸಿರಾಗುತ್ತಾನೇನೋ ಎಂದು ಕಾಯುವ ಹೆಣ್ಣುಮಕ್ಕಳೂ ಇದ್ದಾರಂತೆ. ಗೋಸುಂಬೆ ಕೂತ ಜಾಗದ ಬಣ್ಣ ಹಾಕುವುದಿಲ್ಲ. ತನ್ನ ಬಿಸಿಲು, ಥಂಡಿ, ಸಿಟ್ಟು, ಅಂಜಿಕೆಯ ಬಣ್ಣ ಹಾಕುತ್ತದೆ. ಎದುರಿನವರನ್ನು ನೋಡಿ ಬಣ್ಣ ಬದಲಿಸುವವರು ನಾವು; ಹೆಸರು ಮಾತ್ರ ಅದರದು.

ಹುಳ ಬಿಟ್ಟೆವು. ನವಾಬ ಒಂದು ಕಣ್ಣಿನಿಂದ ಹುಳವನ್ನೂ ಇನ್ನೊಂದರಿಂದ ನನ್ನನ್ನೂ ನೋಡಿದ. ಹುಳ ಅವನ ಬಾಯಿಗಿಂತ ದಪ್ಪ. ಅವೋ, ಟೊಂಗೆ ಸಿಕ್ಕಿದ್ದೇ ತಡ, ಏರಿ ಮೂಲೆ ಹಿಡಿದು, ತಲೆ ಅತ್ತಿತ್ತ ಆಡಿಸುತ್ತ ನೂಲು ಬಿಡತೊಡಗಿದವು. ಸಂಜೆಗೆಲ್ಲ ನವಾಬನ ಸುತ್ತ ಒಂದು ಓಣಿಯೇ ಎದ್ದಿತ್ತು.

“ಈರಪ್ಪಾ, ಊಟಾ ತಾ ಅಂದ್ರ ಮನಿ ಕಟ್ಟೋ ಮಂದೀನ್ನ ಕರಕೊಂಡು ಬಂದೀಯಲ್ಲೋ” ಎಂದರು ಖಾಜಾಸಾಬರು. ಚೇಷ್ಟೆ ಮಾಡಿದರೂ ಅವರ ಕಣ್ಣು ಪಂಜರ ಬಿಟ್ಟು ಕದಲಲಿಲ್ಲ.

ತಲೆ ತಗ್ಗಿಸಿ ಊರಿಗೆ ಬಂದೆ. ಮರುದಿನ ಮುಂಜಾನೆ ಶಾಂತವ್ವ ತಿಪ್ಪೆಗೆ ಬುಟ್ಟಿ ಒಯ್ಯುತ್ತಿದ್ದಳು. ಪ್ರತಿ ಬೆಳೆಯಲ್ಲೂ ಒಂದಿಷ್ಟು ಹುಳ ಸಣ್ಣವಾಗಿಯೇ ಉಳಿಯುತ್ತವೆ. ರೋಗದವಲ್ಲ, ನಿಧಾನದವು. ಉಳಿದವು ಗೂಡು ಕಟ್ಟುವಾಗ ಇವು ಇನ್ನೂ ಸೊಪ್ಪು ಮೇಯುತ್ತ ಕೂತಿರುತ್ತವೆ. ಇವಕ್ಕಾಗಿ ಕಾಯುವುದಿಲ್ಲ, ಚೆಲ್ಲುತ್ತೇವೆ. ಇಷ್ಟು ವರ್ಷ ನಾನೇ ಚೆಲ್ಲಿಸಿದ್ದೇನೆ. ಬುಟ್ಟಿ ಇಸಿದುಕೊಂಡು ಡಬ್ಬಿಗೆ ತುಂಬಿದೆ.

“ಇವತ್ತೂ ಬುತ್ತಿನಾ?” ಎಂದು ಕಂಡಕ್ಟರ ತಾನಾಗಿಯೇ ಎರಡು ಸೀಟು ಖಾಲಿ ಮಾಡಿಸಿದ.

ಸಣ್ಣ ಹುಳವೊಂದು ಟೊಂಗೆಯ ಮೇಲೆ ಹರಿಯಿತು. ನವಾಬನ ಎರಡೂ ಕಣ್ಣು ಒಂದೇ ಕಡೆ ತಿರುಗಿದವು. ನಾಲಿಗೆ ಹೋದದ್ದು ಕಾಣಲಿಲ್ಲ, ಹುಳ ಇಲ್ಲದ್ದು ಕಂಡಿತು. ಆಮೇಲೆ ಇನ್ನೊಂದು, ಮತ್ತೊಂದು. ಮಧ್ಯಾಹ್ನಕ್ಕೆ ಅವನ ಕಪ್ಪು ಮೈಯಲ್ಲಿ ಎಳೆಹಸಿರು ಇಣುಕಿತು. ಖಾಜಾಸಾಬರು ಕನ್ನಡಕ ತೆಗೆದು ಒರೆಸಿದರು. ಕನ್ನಡಕವೇನೂ ಹೊಲಸಾಗಿರಲಿಲ್ಲ.

ಹಿಂದೆ ಉಳಿದವಕ್ಕೂ ಒಂದು ಕೆಲಸ ಸಿಕ್ಕಿತೆಂದು ಬಸ್ಸಿನಲ್ಲಿ ಹಿಗ್ಗಿಕೊಂಡೇ ಬಂದೆ. ಆ ಕೆಲಸ ಅಂದರೆ ತಿನ್ನಿಸಿಕೊಳ್ಳುವುದು ಎಂಬುದು ರೋಣ ದಾಟಿದ ಮೇಲೆ ಹೊಳೆದು ಹಿಗ್ಗು ಇಳಿಯಿತು. ಮನೆಯಲ್ಲಿ ಶಾಂತವ್ವನಿಗೆ ಹೇಳಿದೆ. ಈಗ ಪ್ರತಿ ಬೆಳೆಯಲ್ಲೂ ಅವಳು ನಿಧಾನದ ಹುಳಗಳನ್ನು ಬೇರೆ ಮಾಡುತ್ತಾಳೆ. ಅರ್ಧ ನವಾಬನಿಗೆ, ಉಳಿದರ್ಧಕ್ಕೆ ನಾಲ್ಕು ದಿನ ಹೆಚ್ಚಿಗೆ ಸೊಪ್ಪು ಹಾಕುತ್ತಾಳೆ. ತಡವಾದರೂ ಅವೂ ಹಣ್ಣಾಗುತ್ತವೆ, ಗೂಡು ಕಟ್ಟುತ್ತವೆ. ಗೂಡು ಸಣ್ಣವು, ಆದರೆ ನೂಲು ನೂಲೇ. ಮಾಸ್ತರರಿಗೆ ತೋರಿಸಬೇಕಿತ್ತು.

ಈಗ ನನ್ನಲ್ಲಿರುವುದು ಹಿಪ್ಪುನೇರಳೆ ಎರಡು ಎಕರೆ, ಹುಳದ ಮನೆ ಒಂದು, ತಟ್ಟೆ ನಲವತ್ತು, ನರಗುಂದದಲ್ಲಿ ಗಿರಾಕಿ ಒಬ್ಬ, ನಿಧಾನದವಕ್ಕೆ ಬೇರೆ ತಟ್ಟೆ ಒಂದು.