ಸ್ಪಿರಿಟ್ ಹಾಕಿದ ಗಾಡಿ

ಎಪ್ಪತ್ತರ ದಶಕದ ನಡುವೆ ಪೆಟ್ರೋಲಿನ ಬೆಲೆ ಒಮ್ಮೆಲೇ ಏರಿದಾಗ ಬೈಲಹೊಂಗಲದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು ಇತ್ತು. ಗಿರಾಕಿಗಳು ಗಾಡಿ ಹೊರಗೆ ತೆಗೆಯುವುದನ್ನೇ ಬಿಟ್ಟರು. ಕೈ ಖಾಲಿಯಿದ್ದರೆ ನನ್ನ ತಲೆ ಸುಮ್ಮನಿರುವುದಿಲ್ಲ. ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟಿನಿಂದಲೂ ಕಾರು ಓಡುತ್ತದೆ ಎಂದು ಎಲ್ಲೋ ಓದಿದ್ದೆ. ಮೇಜು ಕುರ್ಚಿಗೆ ಪಾಲಿಶ್ ಹಾಕುವ ಗೆಳೆಯನ ಬಳಿ ಅದು ಸಿಗುತ್ತಿತ್ತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ಟಿನ ತೂತು ತುಸು ದೊಡ್ಡದು ಮಾಡಿ, ಪೆಟ್ರೋಲಿಗೆ ಸ್ಪಿರಿಟ್ ಬೆರೆಸಿ ನನ್ನ ಹಳೆಯ ಕಾರಿಗೆ ಹಾಕಿದೆ. ಓಡಿತು. ಮೀಸೆ ತಿರುವಿಕೊಂಡು ಪೇಟೆಯಲ್ಲಿ ಎರಡು ಸುತ್ತು ಹೊಡೆದೆ.

ಅಪ್ಪ ರಾಮದುರ್ಗದಲ್ಲಿ ಪೌರೋಹಿತ್ಯ ಮಾಡುತ್ತಿದ್ದರು. ನಾನು ಮಂತ್ರ ಬಿಟ್ಟು ನಟ್ಟು ಬಿಚ್ಚುವ ಪಾನಾ ಹಿಡಿದದ್ದು ಅವರಿಗೆ ಸೇರಿರಲಿಲ್ಲ. ಹತ್ತು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಒಂದು ಮಾತು ಕೇಳಿದವರಲ್ಲ. ಅದು ನನಗೆ ಒಳಗೊಳಗೇ ನೋವು. ಒಂದು ದಿನ ಕಿತ್ತೂರಿನಲ್ಲಿ ಗೃಹಶಾಂತಿ ಮಾಡಿಸಲು ಹೊರಟವರಿಗೆ ಬೈಲಹೊಂಗಲದಲ್ಲಿ ಬದಲಿಸಬೇಕಿದ್ದ ಬಸ್ಸು ತಪ್ಪಿತು. ನಾನೇ ಬಿಟ್ಟು ಬರುತ್ತೇನೆಂದೆ. ಕಾರಿನ ಹತ್ತಿರ ಬಂದು ನಿಂತರು.

"ಇದಕ್ಕ ಏನ್ ಹಾಕ್ತೀ?"

"ಪೆಟ್ರೋಲ್, ಅಪ್ಪಾ."

ಅರ್ಧ ನಿಜ. ಪೂರ್ತಿ ಹೇಳಿದರೆ ಹತ್ತುವುದಿಲ್ಲವೆಂದು ಹೆದರಿದ್ದೆ. ಅವರು ನನ್ನ ಗಾಡಿಯಲ್ಲಿ ಒಮ್ಮೆಯಾದರೂ ಕೂರಬೇಕಿತ್ತು.

ಕಿತ್ತೂರು ಎರಡು ಮೈಲಿ ಇರುವಾಗ ಗಾಡಿ ಕೆಮ್ಮಿ ನಿಂತಿತು. ಸ್ಪಿರಿಟ್ಟಿನಲ್ಲಿ ನೀರಿತ್ತು, ಪೆಟ್ರೋಲಿನಿಂದ ಬೇರೆಯಾಗಿ ತಳ ಹಿಡಿದಿತ್ತು. ಕಾರ್ಬ್ಯುರೇಟರ್ ಬಿಚ್ಚಿದ್ದೇ ತಡ, ಸೆರೆಯಂಗಡಿಯ ವಾಸನೆ ಮೂಗಿಗೆ ಅಡರಿತು. ಅಪ್ಪ ಇಳಿದು, ಧೋತರದ ತುದಿ ಎತ್ತಿ ಹಿಡಿದು ನಡೆಯತೊಡಗಿದರು.

ಹಿಂದೆ ಓಡಿದೆ. "ಅಪ್ಪಾ, ಅದು ಕುಡಿಯೋ ಸೆರಿ ಅಲ್ಲ, ಪಾಲಿಶಿಂದು."

"ಗಾಡಿ ಏನರ ಕುಡೀಲಿ. ಅದು ನನಗ ಸುಳ್ಳು ಹೇಳಿಲ್ಲ. ನೀ ಹೇಳಿದಿ."

ಮೂವತ್ತು ದಾಟಿದವನು ನಾನು, ಮುಖ ಎತ್ತಲಾಗಲಿಲ್ಲ. ವಾಪಸು ಹೋಗಿ ಗಾಡಿಗೆ ಬೀಗ ಹಾಕಿ ಬಂದು ಅವರಿಂದ ಹತ್ತು ಹೆಜ್ಜೆ ಹಿಂದೆಯೇ ನಡೆದೆ. ಬಿಸಿಲು ಏರುತ್ತಿತ್ತು. ಊರಿನ ಮನೆಗಳು ಕಾಣತೊಡಗಿದಾಗ ತಿರುಗಿ ನೋಡದೆಯೇ ಕೇಳಿದರು.

"ಪೆಟ್ರೋಲಿನಷ್ಟ ದೂರ ಓಡ್ತದೇನು ಅದರಾಗ?"

ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ಲ, ಕಡಿಮಿ. ಥಂಡಿ ಇದ್ರ ಮುಂಜಾನಿ ಚಾಲೂನೂ ಆಗೂದಿಲ್ಲ."

ಅಪ್ಪ ನಡಿಗೆ ನಿಧಾನ ಮಾಡಿದರು. ನಾನು ಅವರ ಪಕ್ಕಕ್ಕೆ ಬಂದೆ.