ಹಲಸೂರಿನ ಗೋಡೆಯ ಮೇಲೆ ನಾನು

ಕಳೆದ ತಿಂಗಳು ಇಲ್ಲಿಯೇ ಪ್ರಕಟಿಸಿದ ಬರಹದಲ್ಲಿ ಒಂದು ತಪ್ಪು ಉಳಿದಿದೆ. ಹಲಸೂರು ಮಾರುಕಟ್ಟೆಯ ಹಿಂದಿನ ಗೋಡೆಯ ಮೇಲೆ ಅಲ್ಲಿನ ಯುವಕ ಯುವತಿಯರು ನನ್ನ ಭಾವಚಿತ್ರವನ್ನು ಗುರುಗೌರವದಿಂದ ಬರೆದರು ಎಂದು ಹೇಳಿದ್ದೆ.

ತಿದ್ದಿಕೊಳ್ಳುತ್ತೇನೆ. ಆ ಗೋಡೆಗೆ ಯಾರೂ ಮೂತ್ರ ಮಾಡದಿರಲಿ ಎಂದು ಬರೆದರು.

ಆ ಬರಹದ ಕೆಳಗೆ ಕೈಮುಗಿಯುವ ಚಿಹ್ನೆ ಹಾಕಿದ್ದವರೆಲ್ಲ ದಯವಿಟ್ಟು ಕೈ ಇಳಿಸಬಹುದು.

ಶಬಾನಾ ನನ್ನ ಹಳೆಯ ವಿದ್ಯಾರ್ಥಿನಿ. ಓದು ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದ ತನ್ನ ಓಣಿಯ ಕೆಲವರನ್ನು ಸೇರಿಸಿ, ಗೋಡೆಗಳಿಗೆ ಚಿತ್ರ ಬರೆಯುವ ತಂಡ ಕಟ್ಟಿದ್ದಾಳೆ. ಅವರಿಗೆ ಇದು ಹವ್ಯಾಸವಲ್ಲ, ದಿನಗೂಲಿ. ಕಲಬುರಗಿ ಕಡೆಯಿಂದ ಬಂದು ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿರುವ ಮಲ್ಲು, ಮುಖ ಬರೆಯುವುದರಲ್ಲಿ ನಿಪುಣ.

ವರ್ತಕರ ಸಂಘದವರು ಮೊದಲು ಈ ಒಂದೇ ಗೋಡೆ ಕೊಟ್ಟು ಷರತ್ತು ವಿಧಿಸಿದ್ದರು. ಒಂದು ತಿಂಗಳು ಗೋಡೆ ಒಣಗಿದ್ದರೆ ಬೀದಿಯ ಅಷ್ಟೂ ಅಂಗಡಿಗಳ ಶಟರ್ ಮೇಲೆ ಚಿತ್ರ ಬರೆಯುವ ಕೆಲಸ ಈ ತಂಡಕ್ಕೆ. ಒದ್ದೆಯಾದರೆ ಸುಣ್ಣ ಬಳಿದು ಎಲ್ಲರೂ ಮನೆಗೆ.

ಹಿಂದೆ ಅಲ್ಲಿ ಗಣಪತಿ, ಏಸು, ಮಸೀದಿ, ಮೂರರ ಟೈಲ್ಸ್ ಕೂಡ ಅಂಟಿಸಿ ನೋಡಿದ್ದಾಗಿತ್ತು. ಜನರು ಭಕ್ತಿಯಿಂದ ಒಂದು ಮಾರು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

ಇಷ್ಟೆಲ್ಲ ತಿಳಿದಿದ್ದೂ, ನನ್ನ ಚಿತ್ರ ಬರೆಯುತ್ತೇವೆಂದಾಗ ಕಾರಣ ನನಗೆ ಹೊಳೆಯಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮುಖಕ್ಕೆ ಪೌಡರ್ ಹಚ್ಚಿಕೊಂಡು, ಮಂದಹಾಸ ಬೀರುತ್ತ ಕುಳಿತೆ.

"ನಗಬ್ಯಾಡ್ರಿ ಸರ," ಎಂದ ಮಲ್ಲು. "ಹೋಮ್‌ವರ್ಕ್ ಮಾಡದವನ್ನ ನೋಡಿದಂಗ ನೋಡ್ರಿ."

ಕಲೆಗೆ ಗಾಂಭೀರ್ಯ ಬೇಕಲ್ಲವೇ ಎಂದುಕೊಂಡು ಹಾಗೆಯೇ ನೋಡಿದೆ.

ಆಮೇಲೆ ಪ್ರತಿದಿನ ವಾಯುವಿಹಾರದ ನೆಪದಲ್ಲಿ ಅತ್ತ ಹೋಗುತ್ತಿದ್ದೆ. ದಾರಿಹೋಕರು ಚಿತ್ರವನ್ನು ಕಂಡೊಡನೆ ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ ಹೊರಟುಹೋಗುತ್ತಿದ್ದರು. ವಿನಯ ಎಂದರೆ ಇದು ಎಂದು ನನಗೆ ಕಣ್ತುಂಬಿ ಬಂದದ್ದೂ ಉಂಟು…

ತಿಂಗಳ ಕೊನೆಯ ಸಂಜೆ. ಬೆಳಗಾದರೆ ಗೋಡೆಯ ಪರೀಕ್ಷೆ. ಸಂಘದ ಅಧ್ಯಕ್ಷರು ತಮ್ಮ ಅಂಗಡಿಗೆ ಕರೆದು ಒತ್ತಾಯ ಮಾಡಿ ಚಹಾ ಕುಡಿಸಿದರು, ಅದರ ಮೇಲೆ ಮಜ್ಜಿಗೆಯನ್ನೂ ಕುಡಿಸಿದರು.

ಹೊರಗೆ ಬಂದರೆ ಮೂಲೆಯ ಸಾರ್ವಜನಿಕ ಶೌಚಾಲಯಕ್ಕೆ ಬೀಗ. ಮನೆ ದೂರ. ನನ್ನ ವಯಸ್ಸಿನಲ್ಲಿ ಈ ವಿಷಯ ವಾದಕ್ಕೆ ನಿಲ್ಲುವುದಿಲ್ಲ.

ಓಣಿಯಲ್ಲಿ ಯಾರೂ ಇಲ್ಲ. ಕಾಲುಗಳು ತಾವಾಗಿಯೇ ಗೋಡೆಯತ್ತ ನಡೆಯುತ್ತವೆ… ಕೈ ಸೊಂಟಕ್ಕೆ ಹೋಗುತ್ತದೆ… ತಲೆ ಎತ್ತುತ್ತೇನೆ.

ಅಲ್ಲಿ ನಾನು. ಆಳೆತ್ತರವನ್ನೂ ಮೀರಿ, ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದೇನೆ. ಇಷ್ಟು ವರ್ಷ ತರಗತಿಯ ಮಕ್ಕಳಿಗೆ ಏನು ಕಾಣುತ್ತಿತ್ತೆಂದು ಮೊದಲ ಬಾರಿಗೆ ತಿಳಿಯುತ್ತದೆ.

"ಕ್ಷಮಿಸಿ," ಎಂದೆ. ಗೋಡೆಗೆ.

ಹತ್ತಿರದಲ್ಲೇ ಶಬಾನಾಳ ಮನೆ. ಓಡಿದೆ ಎಂದರೆ ಅತಿಶಯೋಕ್ತಿ, ಓಡಲು ಯತ್ನಿಸಿದೆ. ಅವಳ ತಾಯಿ ನನ್ನ ಮುಖ ನೋಡಿ, ಏನೂ ಕೇಳದೆ, ಕೈಯಲ್ಲಿದ್ದ ಸೌಟಿನಿಂದಲೇ ಬಚ್ಚಲಿನ ದಾರಿ ತೋರಿದರು.

ಹೊರಬಂದಾಗ ಶಬಾನಾ ಮತ್ತು ಮಲ್ಲು ನಡುಮನೆಯಲ್ಲಿ ಬ್ರಶ್ ತೊಳೆಯುತ್ತಿದ್ದರು. ನಾನು ಎಲ್ಲಿಂದ ಬಂದೆ, ಹೇಗೆ ಬಂದೆ, ಎಲ್ಲವೂ ಅವರಿಗೆ ಅರ್ಥವಾಗಿತ್ತು. ದೇವರಿಂದಲೂ ಆಗದ ಕೆಲಸಕ್ಕೆ ನನ್ನನ್ನೇಕೆ ನಿಲ್ಲಿಸಿದಿರಿ ಎಂದು ಕೇಳಿದೆ.

ಶಬಾನಾ ಹೇಳಿದಳು: "ಬೇಜಾರ್ ಮಾಡ್ಕೋಬೇಡಿ ಸರ್. ದೇವ್ರು ಕ್ಷಮಿಸ್ತಾನೆ ಅಂತ ಎಲ್ರಿಗೂ ಗೊತ್ತು. ನೀವು ಕ್ಷಮಿಸಲ್ಲ ಅಂತಾನೂ ಈ ಏರಿಯಾದಲ್ಲಿ ಎಲ್ರಿಗೂ ಗೊತ್ತು."

ಅವಳ ತಾಯಿ ಒಳಗಿನಿಂದ, ಸರ್‌ಗೆ ಚಾಯ್ ಕೊಡು ಎಂದರು. ಬೇಡವೆಂದು ಕೈಮುಗಿದು ಹೊರಟೆ.

ಮರುದಿನ ಅಧ್ಯಕ್ಷರು ಬಗ್ಗಿ ಗೋಡೆಯನ್ನು ಎರಡು ಸಲ ಮೂಸಿ ನೋಡಿದರು. ಶಟರ್ ಕೆಲಸ ಮಕ್ಕಳಿಗೇ ಸಿಕ್ಕಿತು. ಕೋಳಿ ಅಂಗಡಿಯಿಂದ ಆರಂಭಿಸಿದ್ದಾರೆ. ಹುಂಜ ಬಹಳ ಚೆನ್ನಾಗಿ ಬಂದಿದೆ. ಅದರ ನೋಟ ಎಲ್ಲಿಯೋ ನೋಡಿದಂತಿದೆ ಎಂದು ನನ್ನಾಕೆ ಹೇಳಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ನಿನ್ನೆ ಅವರಿಗೆ ಬಸ್ ನಿಲ್ದಾಣದ ಹಿಂದಿನ ಗೋಡೆಯೂ ದೊರೆಯಿತು. ಈ ಬಾರಿ ಕೈಯಲ್ಲಿ ಬೆತ್ತವೂ ಇರಲಿ ಎಂದು ಮಲ್ಲುವಿನ ಬೇಡಿಕೆ. ಅಂಗಿಗೆ ಇಸ್ತ್ರಿ ಆಗಿದೆ, ಹೊರಟಿದ್ದೇನೆ.

ಅಂದ ಹಾಗೆ, ಮೂಲೆಯ ಆ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆಯೆಂದು ನಿಮ್ಮಲ್ಲಿ ಯಾರಾದರೂ ಬಲ್ಲಿರಾ?

ಫೆಬ್ರವರಿ ೧೬, ಭಾನುವಾರ, ಬೆಳಿಗ್ಗೆ ೭ ಗಂಟೆ ೪೦ ನಿಮಿಷ.