ಗಾಜಿನಲ್ಲಿ ಕಂಡವರನ್ನೂ ಮುಚ್ಚುವ ಝಹ್ರಾ

ಬೆಳಗಿನ ಆರೂವರೆ. ಕೊಡಿಯಾಲ್‌ಬೈಲಿನ ರಸ್ತೆಗೆ ಇನ್ನೂ ಹಾರನ್ನಿನ ಹುಚ್ಚು ಹಿಡಿದಿಲ್ಲ. ಮೂರನೇ ಮಹಡಿಯ ಕೋಣೆಯಲ್ಲಿ ಝಹ್ರಾ ಬಾಗಿಲಿಗೆ ಚಿಲಕ ಹಾಕುತ್ತಾರೆ, ಎಳೆದು ನೋಡುತ್ತಾರೆ. ಕುರ್ಚಿಯವರೆಗೆ ಹೋದವರು ಮರಳಿ ಬಂದು ಇನ್ನೊಮ್ಮೆ ಎಳೆಯುತ್ತಾರೆ. ಕೆಲಸ ಮಾಡುವಾಗ ಬೆನ್ನ ಹಿಂದೆ ಗೋಡೆಯ ಹೊರತು ಯಾರೂ ಇರಬಾರದೆಂಬುದು ಅವರ ಹಠ.

ಪೊಲೀಸರು ಸಾಕ್ಷ್ಯವಾಗಿ ತರುವ ಫೋನುಗಳ ಚಿತ್ರಗಳನ್ನು ಪರೀಕ್ಷಿಸುವ ಖಾಸಗಿ ಪ್ರಯೋಗಾಲಯವಿದು. ಉಳ್ಳಾಲದ ಝಹ್ರಾ ಇಲ್ಲಿಗೆ ಬಂದು ಒಂಬತ್ತು ವರ್ಷ. ಮೂಲ ಚಿತ್ರವನ್ನು ಮುಟ್ಟದೆ ಮೊಹರು ಮಾಡಬೇಕು. ಕಡತಕ್ಕೆ ಹೋಗುವ ಪ್ರತಿಯಲ್ಲಿ ಪ್ರಕರಣಕ್ಕೆ ಸಂಬಂಧಿಸದವರನ್ನು ಕಾಣದಂತೆ ಮುಚ್ಚಬೇಕು. ಈ ಎರಡನೆಯ ಕೆಲಸಕ್ಕೆ ಯಾರೂ ಶಹಭಾಸ್ ಅನ್ನುವುದಿಲ್ಲ.

ಇವತ್ತಿನ ಫೋನು ಮರ್ವಾ ಎಂಬ ಕಾಲೇಜು ಹುಡುಗಿಯದು. ಕೂಳೂರು ಸೇತುವೆಯ ಬಳಿ ಸ್ಕೂಟರಿಗೆ ಗುದ್ದಿ ಓಡಿದ ಲಾರಿಯನ್ನು ಆಕೆ ಕಾರಿನೊಳಗಿಂದ ಚಿತ್ರ ತೆಗೆದಿದ್ದಾಳೆ. ಸ್ಕೂಟರ್ ಸವಾರ ಉಳಿಯಲಿಲ್ಲ, ಲಾರಿಯ ನಂಬರಿಗೆ ಬೇರೆ ಸಾಕ್ಷ್ಯವೂ ಇಲ್ಲ. ಆದರೆ ಅದೇ ಫೋನಿನಲ್ಲಿ ಅಕ್ಕನ ಮದರಂಗಿಯ ದಿನದ, ಮನೆಯ ಹೆಂಗಸರಷ್ಟೇ ನೋಡುವ ಚಿತ್ರಗಳಿವೆ. ಮೂರು ದಿನ ಹಿಂಜರಿದೇ ಮರ್ವಾ ಫೋನು ಕೊಟ್ಟದ್ದು. ಒಳಗಿರುವ ಒಂಬತ್ತು ಸಾವಿರ ಚಿತ್ರಗಳಲ್ಲಿ ಝಹ್ರಾ ತೆರೆಯುವುದು ಆ ಸಂಜೆಯ ನಾಲ್ಕನ್ನು ಮಾತ್ರ.

ಮೂರರಲ್ಲಿ ಲಾರಿಯ ನಂಬರ್ ಮಸುಕು, ನಾಲ್ಕನೆಯದರಲ್ಲಿ ಸ್ಪಷ್ಟ. ಆದರೂ ಅವರಿಗೆ ಸಮಾಧಾನವಿಲ್ಲ. ಚಿತ್ರವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಎರಡು ವರ್ಷದ ಹಿಂದೆ ಒಂದು ಕಳವಿನ ಪ್ರಕರಣದಲ್ಲಿ ಹೆಂಗಸೊಬ್ಬರ ಮುಖ ಮುಚ್ಚಿದ ಝಹ್ರಾ, ಕಪಾಟಿನ ಕನ್ನಡಿಯಲ್ಲಿದ್ದ ಅದೇ ಮುಖವನ್ನು ಬಿಟ್ಟುಬಿಟ್ಟಿದ್ದರು. ಆ ಪ್ರತಿ ಕೈಯಿಂದ ಕೈಗೆ ದಾಟಿ ಆಕೆಯ ಊರನ್ನೇ ಮುಟ್ಟಿತು. ಆ ಸಂಕಟ ಇನ್ನೂ ಆರಿಲ್ಲ. ಕೇಳಿದವರಿಗೆ ಝಹ್ರಾ ಹೇಳುವುದಿಷ್ಟೇ:

"ಈಗ ಯಾರ ಮನೆಗೆ ಹೋದರೂ ಮೊದಲು ಕನ್ನಡಿ ಎಲ್ಲಿ ಉಂಟು ಅಂತ ನೋಡ್ತೇನೆ. ಸ್ಟೀಲ್ ತಟ್ಟೆಯನ್ನೂ ಬಿಡುವುದಿಲ್ಲ. ಎಂತ ಮಾಡುವುದು ಮಾರಾಯ್ರೆ, ಕಣ್ಣಿಗೆ ಅದೇ ಚಟ."

ಆ ಚಟವೇ ಇವತ್ತು ಕೈ ಹಿಡಿಯುತ್ತದೆ. ನಾಲ್ಕನೆಯ ಚಿತ್ರದಲ್ಲಿ, ಮರ್ವಾ ಕೂತಿದ್ದ ಕಾರಿನ ಕಿಟಕಿಯ ಗಾಜಿನಲ್ಲಿ ಹಿಂದಿನ ಸೀಟಿನ ಪ್ರತಿಬಿಂಬ ಮೂಡಿದೆ. ಅಲ್ಲೊಬ್ಬ ತಾಯಿ ಕೂಸಿಗೆ ಹಾಲೂಡುತ್ತಿದ್ದಾಳೆ. ಆಕೆಯ ಭುಜಕ್ಕೆ ತಾಗಿಕೊಂಡೇ ನಂಬರಿನ ಕೊನೆಯ ಅಂಕಿ, ಏಳು. ಮುಚ್ಚುವಾಗ ಕೂದಲೆಳೆಯಷ್ಟು ಆಚೆ ಹೋದರೂ ಏಳು ಒಂದರಂತೆ ಕಂಡು ಲಾರಿ ತಪ್ಪಿಸಿಕೊಳ್ಳುತ್ತದೆ. ಝಹ್ರಾ ಚಿತ್ರವನ್ನು ಇನ್ನಷ್ಟು ಹಿಗ್ಗಿಸುತ್ತಾರೆ. ಮುಚ್ಚುತ್ತಾರೆ, ಅಳಿಸುತ್ತಾರೆ, ಮತ್ತೆ ಮುಚ್ಚುತ್ತಾರೆ.

ಒಂಬತ್ತಕ್ಕೆ ಬಾಗಿಲು ಬಡಿದ ಹೆಡ್ ಕಾನ್‌ಸ್ಟೆಬಲ್ ಶೀನಪ್ಪ, ನಂಬರ್ ಕಾಣುತ್ತದಲ್ಲ, ಇದ್ದ ಹಾಗೇ ಕೊಟ್ಟುಬಿಡಿ ಎನ್ನುತ್ತಾರೆ.

"ನಂಬರ್ ಉಂಟು ಶೀನಪ್ಪಣ್ಣ. ಒಬ್ಬರು ಅಮ್ಮನೂ ಇದ್ದಾರೆ. ಅವರು ಸಾಕ್ಷಿ ಹೇಳ್ಲಿಕ್ಕೆ ಬಂದದ್ದಲ್ಲ."

ಶೀನಪ್ಪ ಹೊರಗಿನ ಬೆಂಚಿನಲ್ಲಿ ಕೂರುತ್ತಾರೆ. ಕೆಲಸ ಮುಗಿದಾಗ ಹತ್ತೂವರೆ. ತಾಯಿ ಕಾಣುವುದಿಲ್ಲ, ಏಳು ಏಳಾಗಿಯೇ ಉಳಿದಿದೆ. ಮೂಲ ಚಿತ್ರ ನ್ಯಾಯಾಲಯದ ಮೊಹರಿನೊಳಗೆ ಸೇರುತ್ತದೆ.

ಮಧ್ಯಾಹ್ನ ಫೋನು ಹಿಂಪಡೆಯಲು ಬಂದ ಮರ್ವಾ, ನೆಲ ನೋಡುತ್ತಲೇ ಎಲ್ಲವನ್ನೂ ನೋಡಿದಿರಾ ಎಂದು ಕೇಳುತ್ತಾಳೆ. ನಾಲ್ಕನ್ನಷ್ಟೇ ನೋಡಿದೆ, ಒಂದರ ಗಾಜಿನಲ್ಲಿ ಹಾಲೂಡುವ ತಾಯಿಯೊಬ್ಬರಿದ್ದರು ಎಂದು ಝಹ್ರಾ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಹುಡುಗಿ ತಲೆಯೆತ್ತುತ್ತಾಳೆ. ಅದು ತನ್ನ ಅಕ್ಕ ಎನ್ನುತ್ತಾಳೆ. ಚಿತ್ರದಲ್ಲಿ ಬಂದದ್ದು ಅಕ್ಕನಿಗೂ ಗೊತ್ತಿಲ್ಲ.

ಝಹ್ರಾ ಅವಳ ಕೈಯಲ್ಲಿ ಫೋನು ಇಡುತ್ತಾರೆ.

"ಅಕ್ಕನಿಗೆ ಹೇಳ್ಬೇಕು ಅಂತಿಲ್ಲ. ಕಡತದಲ್ಲಿ ಈಗ ಲಾರಿ ಮಾತ್ರ ಉಂಟು."